ಸ್ಟೇಟ್ ಜೈಲಿನಿಂದ ಫೆಡರಲ್ ಕೋರ್ಟಿಗೆ ಹೇಬಿಯಸ್: ಈಗಲೇ ಹಾಕಬೇಕಾ, ಸ್ಟೇಟ್ ಕೋರ್ಟ್ ಮುಗಿಸಿ ಹಾಕಬೇಕಾ?

ಅಮೆರಿಕದಲ್ಲಿ ಮನೆಯವರೊಬ್ಬರು ಸ್ಟೇಟ್ ಜೈಲಿನಲ್ಲಿದ್ದಾರೆ, ಅಪೀಲು ಸೋತಾಗಿದೆ, ಮುಂದೇನು? ಈ ಹಂತಕ್ಕೆ ಬಂದವರಿಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬ ವಕೀಲರು ಫೆಡರಲ್ (ಅಂದರೆ ಕೇಂದ್ರದ) ಕೋರ್ಟಿನಲ್ಲಿ ಹೇಬಿಯಸ್ ಹಾಕಿ ಅಂತಾರೆ. ಇನ್ನೊಬ್ಬರು ಮೊದಲು ಸ್ಟೇಟ್‌ನಲ್ಲೇ ಪೋಸ್ಟ್ ಕನ್ವಿಕ್ಷನ್ ಅರ್ಜಿ, ಅಂದರೆ ಶಿಕ್ಷೆಯಾದ ಮೇಲೆ ಅದನ್ನು ಪ್ರಶ್ನಿಸಿ ಸ್ಟೇಟ್ ಕೋರ್ಟಿಗೇ ಹಾಕುವ ಅರ್ಜಿ, ಮುಗಿಸಿ ಅಂತಾರೆ. ಪಕ್ಕದ ಸೆಲ್‌ನವನು ಸಿವಿಲ್ ರೈಟ್ಸ್ ಕೇಸ್ ಹಾಕು ಅಂತಾನೆ. ಗವರ್ನರ್‌ಗೆ ಬರೆಯಿರಿ ಅನ್ನುವ ಮಾವ ಒಬ್ಬರಂತೂ ಇದ್ದೇ ಇರುತ್ತಾರೆ. ಇವರಲ್ಲಿ ಯಾರೂ ಪೂರ್ತಿ ತಪ್ಪಲ್ಲ, ಅದೇ ತಲೆನೋವು.

ಮೊದಲು ಒಂದು ವಿಷಯ ತಲೆಯಿಂದ ತೆಗೆದುಬಿಡಿ. ನಮ್ಮಲ್ಲಿ ಹೇಬಿಯಸ್ ಕಾರ್ಪಸ್ ಅಂದರೆ ಬೆಂಗಳೂರಿನ ಹೈಕೋರ್ಟಿಗೋ ಧಾರವಾಡ, ಕಲಬುರಗಿ ಪೀಠಕ್ಕೋ ಹೋಗಿ "ಮಗಳು ಕಾಣೆಯಾಗಿದ್ದಾಳೆ, ಹಾಜರುಪಡಿಸಿ" ಅಂತಲೋ "ಪೊಲೀಸರು ಸುಮ್ನೆ ಕೂಡಿಹಾಕಿದ್ದಾರೆ, ಬಿಡಿಸಿ" ಅಂತಲೋ ಕೇಳುವುದು. ಅಮೆರಿಕದ ಈ ಅರ್ಜಿ ಹಾಗಲ್ಲ. ಇಲ್ಲಿ ವಿಚಾರಣೆ ಮುಗಿದಿದೆ, ಶಿಕ್ಷೆ ಆಗಿದೆ, ಅಪೀಲೂ ಮುಗಿದಿದೆ. ಅದಾದ ಮೇಲೆ ಫೆಡರಲ್ ಜಡ್ಜ್ ಮುಂದೆ "ಈ ಶಿಕ್ಷೆ ಅಮೆರಿಕದ ಸಂವಿಧಾನವನ್ನೇ ಮುರಿದು ಆದದ್ದು" ಅಂತ ತೋರಿಸಬೇಕು. 1867ರ ಕಾಯ್ದೆಯಿಂದ ಸ್ಟೇಟ್ ಕೈದಿಗಳಿಗೂ ಈ ಬಾಗಿಲು ತೆರೆಯಿತು. 1996ರ ಏಪ್ರಿಲ್ 24ರಂದು, ಒಕ್ಲಹೋಮಾ ಸಿಟಿ ಬಾಂಬ್ ಸ್ಫೋಟ ಆಗಿ ವರ್ಷ ತುಂಬಿದ ಹೊತ್ತಿಗೆ, ಅಧ್ಯಕ್ಷ ಕ್ಲಿಂಟನ್ ಒಂದು ಕಾನೂನಿಗೆ ಸಹಿ ಹಾಕಿದರು. ಎಇಡಿಪಿಎ (ಆಂಟಿಟೆರರಿಸಂ ಅಂಡ್ ಎಫೆಕ್ಟಿವ್ ಡೆತ್ ಪೆನಾಲ್ಟಿ ಆಕ್ಟ್) ಅಂತ ಅದನ್ನು ಕರೆಯುತ್ತಾರೆ. ಅಲ್ಲಿಂದ ಆ ಬಾಗಿಲು ಬಹಳ ಕಿರಿದಾಯಿತು. ಇವತ್ತಿನ ಆಯ್ಕೆಗಳೆಲ್ಲ ಆ ಕಾನೂನಿನ ಕಟ್ಟಳೆಗಳ ಒಳಗೇ ಆಗಬೇಕು.

ಯಾವುದನ್ನು ನೋಡಿ ನಿರ್ಧರಿಸಬೇಕು

ಐದು ಪ್ರಶ್ನೆ ಸಾಕು. ಗಡುವಿನಲ್ಲಿ ಎಷ್ಟು ದಿನ ಉಳಿದಿದೆ? ನಿಮ್ಮ ದೂರು ಸಂವಿಧಾನದ್ದಾ, ಬರೀ ಸ್ಟೇಟ್ ಕಾನೂನಿನದ್ದಾ? ಅದನ್ನು ಸ್ಟೇಟ್‌ನ ಅತ್ಯುನ್ನತ ಕೋರ್ಟಿನವರೆಗೂ ಒಯ್ದಿದ್ದೀರಾ? ನಿಮಗೆ ನಿಜವಾಗಿ ಬೇಕಾಗಿರುವುದು ಏನು, ಬಿಡುಗಡೆಯಾ, ಗಡಿಪಾರು ತಪ್ಪಿಸುವುದಾ, ಜೈಲಿನಲ್ಲಿ ಸರಿಯಾದ ಔಷಧಿಯಾ? ಕೊನೆಗೆ, ಕೈಯಲ್ಲಿ ದುಡ್ಡೆಷ್ಟು, ಶಿಕ್ಷೆ ಎಷ್ಟು ಬಾಕಿ?

ಜನ ಸಾಮಾನ್ಯವಾಗಿ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತಾರೆ. ನೀವು ಮೊದಲನೆಯದರಿಂದ ಶುರು ಮಾಡಿ. ಗಡುವು ಮೀರಿದ್ದರೆ ಉಳಿದ ನಾಲ್ಕಕ್ಕೂ ಬಹುತೇಕ ಬೆಲೆ ಇಲ್ಲ.

ಗಡುವಿನ ಲೆಕ್ಕ

ಫೆಡರಲ್ ಅರ್ಜಿಗೆ ಒಂದು ವರ್ಷ. ನೇರ ಅಪೀಲು ಪೂರ್ತಿ ಮುಗಿದ ದಿನದಿಂದ ಅದು ಶುರು. ಸ್ಟೇಟ್‌ನ ಸುಪ್ರೀಂ ಕೋರ್ಟ್ ಕೈ ಚೆಲ್ಲಿದ ಮೇಲೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಲು 90 ದಿನ ಇರುತ್ತದೆ. ನೀವು ಅಲ್ಲಿಗೆ ಹೋಗದಿದ್ದರೂ ಆ 90 ದಿನ ನಿಮ್ಮ ಲೆಕ್ಕಕ್ಕೆ ಸಿಗುತ್ತದೆ. ಆದರೆ ಸ್ಟೇಟ್‌ನ ಅತ್ಯುನ್ನತ ಕೋರ್ಟಿಗೇ ಹೋಗದೆ ನಡುವೆ ಬಿಟ್ಟಿದ್ದರೆ ಆ 90 ದಿನ ಸಿಗುವುದಿಲ್ಲ.

ಇದರ ನಡುವೆ ಸ್ಟೇಟ್‌ನಲ್ಲಿ ಪೋಸ್ಟ್ ಕನ್ವಿಕ್ಷನ್ ಅರ್ಜಿ ಸರಿಯಾಗಿ ಹಾಕಿದ್ದರೆ, ಅದು ಬಾಕಿ ಇರುವಷ್ಟು ಕಾಲ ಗಡುವು ನಿಲ್ಲುತ್ತದೆ. ಆಟೋ ಮೀಟರ್ ಥರ ಅಂದುಕೊಳ್ಳಿ: ನಿಲ್ಲಿಸಬಹುದು, ಓಡಿದ್ದು ವಾಪಸ್ ಬರಲ್ಲ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 2022ರ ಮಾರ್ಚ್ 10ರಂದು ಕೇಸ್ ಕೇಳಲು ಒಪ್ಪಲಿಲ್ಲ. 90 ದಿನ ಸೇರಿಸಿದರೆ ಜೂನ್ 8. ಅಲ್ಲಿಂದ ಮೀಟರ್ ಓಡಲು ಶುರು. ಮನೆಯವರು ವಕೀಲರನ್ನು ಹುಡುಕಿ, ದುಡ್ಡು ಹೊಂದಿಸಿ, 2023ರ ಫೆಬ್ರವರಿ 3ರಂದು ಸ್ಟೇಟ್‌ನಲ್ಲಿ ಪಿಸಿಆರ್ (ಅದೇ ಪೋಸ್ಟ್ ಕನ್ವಿಕ್ಷನ್ ಅರ್ಜಿ) ಹಾಕಿದರು. ಅಷ್ಟೊತ್ತಿಗೆ 240 ದಿನ ಹೋಯಿತು, ಉಳಿದದ್ದು 125. ಪಿಸಿಆರ್ ಕೆಳಗಿನ ಕೋರ್ಟು, ಅದರ ಅಪೀಲು ಎಲ್ಲ ಮುಗಿದು ಸ್ಟೇಟ್ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 1ರಂದು ಬಾಗಿಲು ಮುಚ್ಚಿತು ಅನ್ನಿ. ಮೀಟರ್ ಮತ್ತೆ ಓಡಲು ಶುರು, ಈ ಸಲ 90 ದಿನದ ರಿಯಾಯಿತಿ ಇಲ್ಲ. 2007ರ ಲಾರೆನ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ಅಂದರೆ ಕೊನೆಯ ದಿನ 2026ರ ಫೆಬ್ರವರಿ 3. ಫೆಬ್ರವರಿ 4ಕ್ಕೆ ಹಾಕಿದರೆ ಎಂಥಾ ಗಟ್ಟಿ ಕೇಸಾದರೂ ಜಡ್ಜ್ ಒಳಗೆ ಏನಿದೆ ಅಂತ ನೋಡದೆಯೇ ವಜಾ ಮಾಡಬಹುದು.

ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ನ್ಯೂಜೆರ್ಸಿಯಲ್ಲಿ ಪಿಸಿಆರ್ ಹಾಕಲು ಶಿಕ್ಷೆಯಾದ ದಿನದಿಂದ ಐದು ವರ್ಷ ಇದೆ. ಜಾರ್ಜಿಯಾದಲ್ಲಿ ದೊಡ್ಡ ಅಪರಾಧಗಳಿಗೆ ನಾಲ್ಕು ವರ್ಷ. ಫ್ಲೋರಿಡಾದಲ್ಲಿ ಎರಡು. ಪೆನ್ಸಿಲ್ವೇನಿಯಾದಲ್ಲಿ ಒಂದೇ. "ಐದು ವರ್ಷ ಇದೆಯಲ್ಲ" ಅಂತ ನ್ಯೂಜೆರ್ಸಿಯವರು ಮೂರನೇ ವರ್ಷಕ್ಕೆ ಪಿಸಿಆರ್ ಹಾಕುತ್ತಾರೆ. ಸ್ಟೇಟ್ ಕೋರ್ಟ್ ಖುಷಿಯಿಂದ ತಗೊಳ್ಳುತ್ತದೆ. ಅಷ್ಟೊತ್ತಿಗೆ ಅಪೀಲು ಮುಗಿದು ವರ್ಷ ದಾಟಿದ್ದರೆ ಫೆಡರಲ್ ಗಡುವು ಯಾವತ್ತೋ ಸತ್ತಿರುತ್ತದೆ, ಸತ್ತದ್ದನ್ನು ಪಿಸಿಆರ್ ಎಬ್ಬಿಸುವುದಿಲ್ಲ. ಸ್ಟೇಟ್ ಗಡುವು ಬೇರೆ, ಫೆಡರಲ್ ಗಡುವು ಬೇರೆ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದು ಫ್ರಿಜ್‌ಗೆ ಅಂಟಿಸಿ.

ವಿನಾಯಿತಿ ಇಲ್ಲವೇ ಇಲ್ಲ ಅಂತಲ್ಲ. ತಪ್ಪೇ ಮಾಡಿಲ್ಲ ಅನ್ನುವುದಕ್ಕೆ ಹೊಸ, ಬಲವಾದ ಸಾಕ್ಷ್ಯ ಸಿಕ್ಕರೆ 2013ರ ಮೆಕ್‌ಕ್ವಿಗಿನ್ ತೀರ್ಪು ಗಡುವು ಮೀರಿದ ಮೇಲೂ ಬಾಗಿಲು ತೆರೆಯುತ್ತದೆ. ಕೈದಿ ಶ್ರದ್ಧೆಯಿಂದ ಓಡಾಡಿದ್ದರೂ ಅಸಾಧಾರಣ ಅಡ್ಡಿ ಬಂದಿದ್ದರೆ 2010ರ ಹಾಲೆಂಡ್ ತೀರ್ಪು ನೆರವಿಗೆ ಬರಬಹುದು. ಆದರೆ ವಕೀಲರು ದಿನ ತಪ್ಪಾಗಿ ಎಣಿಸಿದರು ಅನ್ನುವುದು ಅಸಾಧಾರಣ ಅಲ್ಲ. ಹೌದು, ಅನ್ಯಾಯ ಅನ್ನಿಸುತ್ತದೆ. ಕಾನೂನು ಹಾಗೇ ಇದೆ.

ಮೊದಲ ಆಯ್ಕೆ: ಈಗಲೇ ಫೆಡರಲ್ ಕೋರ್ಟಿಗೆ

ಇದನ್ನು 2254 ಅರ್ಜಿ ಅಂತಾರೆ, ಕಾನೂನಿನ ಆ ಸೆಕ್ಷನ್ ನಂಬರಿನಿಂದ. ಫೀ ಬರೀ 5 ಡಾಲರ್. ಅದೂ ಇಲ್ಲದಿದ್ದರೆ ಮನ್ನಾ ಕೇಳಬಹುದು. ಫಾರಂ ಸರಳ. ದೂರುಗಳ ಭಾಗ "ಗ್ರೌಂಡ್ ಒನ್" (ಮೊದಲ ದೂರು) ಅಂತ ಶುರುವಾಗುತ್ತದೆ, ಕೆಳಗೆ ಖಾಲಿ ಗೆರೆಗಳು, ಪಕ್ಕದಲ್ಲಿ ಸೂಚನೆ: ವಾದ ಮಾಡಬೇಡಿ, ಕಾನೂನು ಉಲ್ಲೇಖಿಸಬೇಡಿ, ನಡೆದದ್ದನ್ನು ಮಾತ್ರ ಬರೆಯಿರಿ. ಪ್ರತಿ ಗ್ರೌಂಡ್ ಕೆಳಗೂ "ಇದನ್ನು ಸ್ಟೇಟ್ ಕೋರ್ಟಿನಲ್ಲಿ ಎತ್ತಿದ್ದೀರಾ, ಇಲ್ಲದಿದ್ದರೆ ಯಾಕೆ" ಅಂತ ಕೇಳುತ್ತದೆ. ಕೊನೆಯ ಹತ್ತಿರ, ವರ್ಷ ಮೀರಿದ್ದರೆ ಕಾರಣ ಕೊಡಿ ಅನ್ನುವ ಪ್ರಶ್ನೆ. ಅರ್ಧ ಕೇಸುಗಳ ಹಣೆಬರಹ ಈ ಎರಡು ಪ್ರಶ್ನೆಗಳ ಉತ್ತರದಲ್ಲೇ ಇರುತ್ತದೆ ಅಂತ ನನ್ನ ಅನಿಸಿಕೆ.

ಇದು ಯಾರಿಗೆ ಸರಿ? ಎತ್ತಬೇಕಾದ ಎಲ್ಲ ದೂರುಗಳನ್ನೂ ಆಗಲೇ ಸ್ಟೇಟ್‌ನ ಅತ್ಯುನ್ನತ ಕೋರ್ಟಿನವರೆಗೆ ಒಯ್ದವರಿಗೆ. ಗಡುವಿನಲ್ಲಿ ಕೆಲವೇ ದಿನ ಉಳಿದಿರುವವರಿಗೆ.

ಅಡ್ಡಿ ಏನು? ಫೆಡರಲ್ ಜಡ್ಜ್ ಕೇಸನ್ನು ಹೊಸದಾಗಿ ನೋಡುವುದಿಲ್ಲ. ಸ್ಟೇಟ್ ಕೋರ್ಟ್ ತಪ್ಪು ಮಾಡಿದೆ ಅನ್ನಿಸಿದರೂ ಸಾಲದು. ಅದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದ ಕಾನೂನಿಗೆ ವಿರುದ್ಧವಾಗಿರಬೇಕು, ಅಥವಾ ಆ ಕಾನೂನನ್ನು ಬಳಸಿದ ರೀತಿಯೋ ಸಂಗತಿಗಳನ್ನು ತೀರ್ಮಾನಿಸಿದ ರೀತಿಯೋ ವಿವೇಕಕ್ಕೇ ನಿಲುಕದಂತಿರಬೇಕು. 2011ರ ಹ್ಯಾರಿಂಗ್ಟನ್ ತೀರ್ಪಿನ ಪ್ರಕಾರ, ನ್ಯಾಯವಾಗಿ ಯೋಚಿಸುವ ಜಡ್ಜ್‌ಗಳು ಸ್ಟೇಟ್ ತೀರ್ಪಿನ ಬಗ್ಗೆ ಹೀಗೂ ಹಾಗೂ ವಾದಿಸಬಹುದು ಅನ್ನುವಂತಿದ್ದರೆ ನೀವು ಸೋತಿರಿ. ಅದೇ ವರ್ಷದ ಪಿನ್‌ಹೋಲ್‌ಸ್ಟರ್ ತೀರ್ಪು ಇನ್ನೊಂದು ಗಂಟು ಹಾಕಿತು: ಸ್ಟೇಟ್ ಕೋರ್ಟ್ ತೀರ್ಮಾನಿಸಿದ ದೂರನ್ನು ಈ ಅಳತೆಗೋಲಿನಿಂದ ನೋಡುವಾಗ ಸ್ಟೇಟ್ ಕೋರ್ಟಿನ ಮುಂದೆ ಇದ್ದ ಕಾಗದಪತ್ರ ಮಾತ್ರ ಲೆಕ್ಕಕ್ಕೆ. ಹೊಸ ಸಾಕ್ಷಿ, ಹೊಸ ಅಫಿಡವಿಟ್ ಇಲ್ಲಿ ತಂದು ಸುರಿದರೆ ನೋಡುವುದಿಲ್ಲ.

ಕೆಲವು ದೂರುಗಳಿಗಂತೂ ಈ ಬಾಗಿಲೇ ಇಲ್ಲ. ಪೊಲೀಸರು ವಾರಂಟ್ ಇಲ್ಲದೆ ಮನೆ ಶೋಧಿಸಿದರು ಅನ್ನುವುದನ್ನು ಸ್ಟೇಟ್‌ನಲ್ಲಿ ಸರಿಯಾಗಿ ವಾದಿಸಲು ಅವಕಾಶ ಸಿಕ್ಕಿದ್ದರೆ, 1976ರ ಸ್ಟೋನ್ ತೀರ್ಪಿನಿಂದಾಗಿ ಫೆಡರಲ್ ಹೇಬಿಯಸ್‌ನಲ್ಲಿ ಅದನ್ನು ಎತ್ತುವಂತಿಲ್ಲ. ಬರೀ ಸ್ಟೇಟ್ ಕಾನೂನಿನ ತಪ್ಪೂ ಅಷ್ಟೇ. ನಮ್ಮವರು ಆಗಾಗ ಕೇಳುವ ಇನ್ನೊಂದು: "ಅರೆಸ್ಟ್ ಮಾಡಿದಾಗ ಭಾರತೀಯ ಕಾನ್ಸುಲೇಟ್‌ಗೆ ತಿಳಿಸುವ ಹಕ್ಕಿದೆ ಅಂತ ಹೇಳಲೇ ಇಲ್ಲ." ವಿಯೆನ್ನಾ ಒಪ್ಪಂದದಲ್ಲಿ ಆ ಹಕ್ಕಿದೆ, ನಿಜ. ಆದರೆ 2006ರ ಸ್ಯಾಂಚೆಸ್ ಯಾಮಾಸ್, 2008ರ ಮೆಡೆಯಿನ್ ತೀರ್ಪುಗಳ ನಂತರ ಅದೊಂದರಿಂದಲೇ ಶಿಕ್ಷೆ ಬೀಳಿಸುವುದು ತುಂಬಾ ಕಷ್ಟ. ಅದನ್ನೇ ಮುಖ್ಯ ದೂರು ಮಾಡಿಕೊಳ್ಳಬೇಡಿ.

ಗೆಲುವಿನ ಪ್ರಮಾಣ? ವಾಂಡರ್‌ಬಿಲ್ಟ್ ಕಾನೂನು ಶಾಲೆ ಮತ್ತು ನ್ಯಾಷನಲ್ ಸೆಂಟರ್ ಫಾರ್ ಸ್ಟೇಟ್ ಕೋರ್ಟ್ಸ್ ಸೇರಿ 2007ರಲ್ಲಿ ಒಂದು ಅಧ್ಯಯನ ಹೊರತಂದವು. ಮರಣದಂಡನೆಯ ಕೇಸುಗಳಲ್ಲಿ ಸುಮಾರು ಶೇ 12ರಷ್ಟು ಕೈದಿಗಳಿಗೆ ಪರಿಹಾರ ಸಿಕ್ಕಿತ್ತು. ಉಳಿದ ಕೇಸುಗಳಲ್ಲಿ ಶೇ 1 ಅಲ್ಲ, ಶೇ ಅರ್ಧವೂ ಅಲ್ಲ. ಗೆದ್ದರೂ ಸಾಮಾನ್ಯವಾಗಿ ಸಿಗುವುದು "ಇಷ್ಟು ದಿನದೊಳಗೆ ಮತ್ತೆ ವಿಚಾರಣೆ ಮಾಡಿ, ಇಲ್ಲದಿದ್ದರೆ ಬಿಡಿ" ಅನ್ನುವ ಆದೇಶ. ಅವತ್ತೇ ಗೇಟು ತೆರೆದು ಕಳಿಸುವುದಿಲ್ಲ.

ಎರಡನೆಯದು: ಮೊದಲು ಸ್ಟೇಟ್, ಆಮೇಲೆ ಫೆಡರಲ್

"ನಮ್ಮ ವಕೀಲರೇ ಸರಿಯಾಗಿ ಕೆಲಸ ಮಾಡಲಿಲ್ಲ. ಸಾಕ್ಷಿ ಇದ್ದರು, ಕರೆಯಲೇ ಇಲ್ಲ." ಇದು ನಿಮ್ಮ ದೂರಾದರೆ ದಾರಿ ಬಹುಮಟ್ಟಿಗೆ ಇದೇ. 1984ರ ಸ್ಟ್ರಿಕ್‌ಲ್ಯಾಂಡ್ ತೀರ್ಪಿನ ಪ್ರಕಾರ ಎರಡು ತೋರಿಸಬೇಕು: ವಕೀಲರ ಕೆಲಸ ಮಟ್ಟಕ್ಕಿಂತ ಕೆಳಗಿತ್ತು, ಅದಿಲ್ಲದಿದ್ದರೆ ಫಲಿತಾಂಶ ಬೇರೆ ಆಗುವ ಸಾಧ್ಯತೆ ಇತ್ತು. ಇವೆರಡಕ್ಕೂ ಕೋರ್ಟ್ ದಾಖಲೆಯ ಹೊರಗಿನ ಸಾಕ್ಷ್ಯ ಬೇಕು, ಹಾಗಾಗಿ ನೇರ ಅಪೀಲಿನಲ್ಲಿ ಇದನ್ನು ಎತ್ತಲು ಆಗುವುದು ಅಪರೂಪ. ಸರ್ಕಾರಿ ವಕೀಲರು ಮುಚ್ಚಿಟ್ಟ ಸಾಕ್ಷ್ಯ ಆಮೇಲೆ ಸಿಕ್ಕಿದರೂ ಹಾಗೆಯೇ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ: ದುಡ್ಡು ಇರುವುದೇ ಒಂದು ಸಲಕ್ಕೆ ಸಾಲುವಷ್ಟಾದರೆ ಅದನ್ನು ಸ್ಟೇಟ್ ಹಂತದಲ್ಲಿ ಖರ್ಚು ಮಾಡಿ, ಫೆಡರಲ್ ಹಂತಕ್ಕೆ ಅಂತ ಕೂಡಿಡಬೇಡಿ. ಫೆಡರಲ್ ಕೋರ್ಟ್ ದೊಡ್ಡದು, ಅಲ್ಲಿಗೆ ದೊಡ್ಡ ವಕೀಲರನ್ನು ಇಡೋಣ ಅಂತ ಅನ್ನಿಸುವುದು ಸಹಜ, ಅಲ್ವಾ? ಆದರೆ ದೊಡ್ಡ ವಕೀಲರು ಅಲ್ಲಿಗೆ ಹೋಗಿ ತೆರೆಯುವುದು ಸ್ಟೇಟ್‌ನಲ್ಲಿ ತಯಾರಾದ ಫೈಲನ್ನೇ. ಅದರಲ್ಲಿ ಸಾಕ್ಷಿಯ ಅಫಿಡವಿಟ್ ಇಲ್ಲ, ವೈದ್ಯರ ವರದಿ ಇಲ್ಲ ಅಂದರೆ ಆಮೇಲೆ ಸೇರಿಸಲು ಬಹುತೇಕ ಆಗುವುದಿಲ್ಲ. ಪಿಸಿಆರ್ ವಕೀಲರೇ ಅಸಡ್ಡೆ ಮಾಡಿ ಸಾಕ್ಷ್ಯ ಹಾಕಲಿಲ್ಲ ಅಂದರೂ ಅದರ ಹೊರೆ ಕೈದಿಯ ತಲೆ ಮೇಲೇ ಅಂತ 2022ರ ಶಿನ್ ತೀರ್ಪು ಹೇಳಿತು. ಅಫಿಡವಿಟ್, ತಜ್ಞರ ವರದಿ, ಸಾಕ್ಷಿಗಳ ಹುಡುಕಾಟ, ಇದಕ್ಕೆಲ್ಲ ದುಡ್ಡು ಹಾಕುವ ಜಾಗ ಸ್ಟೇಟ್ ಕೋರ್ಟು.

ಇನ್ನೊಂದು ಅನುಕೂಲ: ದುಡ್ಡಿಲ್ಲದವರಿಗೆ ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳು ಮೊದಲ ಪಿಸಿಆರ್‌ಗೆ ಸರ್ಕಾರದಿಂದಲೇ ವಕೀಲರನ್ನು ಕೊಡುತ್ತವೆ. ಮರಣದಂಡನೆ ಬಿಟ್ಟರೆ ಫೆಡರಲ್ ಹೇಬಿಯಸ್‌ನಲ್ಲಿ ವಕೀಲರ ಹಕ್ಕಿಲ್ಲ. ಜಡ್ಜ್ ಮನಸ್ಸು ಮಾಡಿದರೆ, ಅಥವಾ ಸಾಕ್ಷ್ಯ ವಿಚಾರಣೆ ನಡೆಯುವುದಾದರೆ ಮಾತ್ರ.

ತೊಂದರೆಯೂ ಇದೆ. ಇದು ವರ್ಷಗಟ್ಟಲೆ ಎಳೆಯುತ್ತದೆ. ಶಿಕ್ಷೆ ಮೂರು ವರ್ಷ ಮಾತ್ರ ಬಾಕಿ ಇದ್ದರೆ, ಸ್ಟೇಟ್ ಮುಗಿದು ಫೆಡರಲ್ ಅರ್ಜಿ ಹಾಕುವಷ್ಟರಲ್ಲಿ ಮನುಷ್ಯ ಹೊರಗೆ ಬಂದಿರಬಹುದು. ಅರ್ಜಿ ಹಾಕುವ ದಿನ ಅವರು ಕಸ್ಟಡಿಯಲ್ಲಿರಬೇಕು. ಪೆರೋಲ್ (ಇಲ್ಲಿ ಷರತ್ತಿನ ಮೇಲಿನ ಬಿಡುಗಡೆ) ಕೂಡ ಕಸ್ಟಡಿಯೇ, 1963ರಲ್ಲೇ ಅದು ತೀರ್ಮಾನ ಆಗಿದೆ. ಆದರೆ ಶಿಕ್ಷೆ ಪೂರ್ತಿ ಮುಗಿದಿದ್ದರೆ 2254 ಮುಗಿಯಿತು. ಇನ್ನೊಂದು ಎಚ್ಚರಿಕೆ: ಸ್ಟೇಟ್ ಅರ್ಜಿ ಸ್ಟೇಟ್‌ನ ಗಡುವು ಮೀರಿ ಹಾಕಿದ್ದು ಅಂತ ತೀರ್ಮಾನವಾದರೆ, ಅದು ಫೆಡರಲ್ ಮೀಟರನ್ನು ನಿಲ್ಲಿಸಲೇ ಇಲ್ಲ ಅಂತ ಲೆಕ್ಕ.

ಅರ್ಧ ಆಗಿದೆ, ಅರ್ಧ ಇಲ್ಲ: ಆಗೇನು?

ಮೂರು ದೂರು ಸ್ಟೇಟ್‌ನಲ್ಲಿ ಪೂರ್ತಿ ಮುಗಿದಿವೆ, ವಕೀಲರ ಬಗ್ಗೆ ಇರುವ ನಾಲ್ಕನೆಯದು ಇನ್ನೂ ಹಾಕಿಯೇ ಇಲ್ಲ, ಫೆಡರಲ್ ಗಡುವಿನಲ್ಲಿ ಮೂರು ವಾರ ಉಳಿದಿದೆ. ಬಹಳ ಜನ ನಿಂತಿರುವುದು ಇಂಥ ಜಾಗದಲ್ಲೇ.

ಹೀಗೆ ಬೆರಕೆ ಇರುವ ಅರ್ಜಿಯನ್ನು ಫೆಡರಲ್ ಕೋರ್ಟ್ ಹಾಗೇ ನಡೆಸುವುದಿಲ್ಲ, 1982ರ ರೋಸ್ ತೀರ್ಪು ಅದು. ಒಂದು ದಾರಿ: ನಾಲ್ಕನೆಯದನ್ನು ಕೈಬಿಟ್ಟು ಮೂರರ ಮೇಲೆ ಹೋಗುವುದು. ಬೇಗ ಆಗುತ್ತದೆ. ಆದರೆ ಬಿಟ್ಟದ್ದನ್ನು ಆಮೇಲೆ ತರುವುದು ಹೆಚ್ಚುಕಡಿಮೆ ಅಸಾಧ್ಯ. ಎರಡನೇ ಫೆಡರಲ್ ಅರ್ಜಿಗೆ ಮೇಲಿನ ಸರ್ಕ್ಯೂಟ್ ಕೋರ್ಟಿನ, ಅಂದರೆ ಫೆಡರಲ್ ಅಪೀಲು ಕೋರ್ಟಿನ, ಅನುಮತಿ ಬೇಕು, ಅದು ಸಿಗುವುದು ತೀರಾ ಅಪರೂಪ. ಹಾಗಾಗಿ ಕೈಬಿಡುವ ದೂರು ನಿಜವಾಗಿಯೂ ಪೊಳ್ಳು ಅಂತ ಖಾತ್ರಿ ಇದ್ದರೆ ಮಾತ್ರ ಇದು.

ಇನ್ನೊಂದು ದಾರಿ: ನಾಲ್ಕನ್ನೂ ಸೇರಿಸಿ ಅರ್ಜಿ ಹಾಕಿ, "ಇದನ್ನು ತಡೆಹಿಡಿದು ಇಟ್ಟುಕೊಳ್ಳಿ, ನಾನು ಸ್ಟೇಟ್‌ಗೆ ಹೋಗಿ ಬರುತ್ತೇನೆ" ಅಂತ ಕೇಳುವುದು. 2005ರ ರೈನ್ಸ್ ತೀರ್ಪು ಇದಕ್ಕೆ ದಾರಿ ಮಾಡಿತು. ಮೊದಲೇ ಯಾಕೆ ಸ್ಟೇಟ್‌ಗೆ ಹೋಗಲಿಲ್ಲ ಅನ್ನುವುದಕ್ಕೆ ಒಳ್ಳೆ ಕಾರಣ ಬೇಕು, ದೂರಿನಲ್ಲಿ ಸ್ವಲ್ಪವಾದರೂ ಹುರುಳಿರಬೇಕು, ಬೇಕಂತಲೇ ಎಳೆದಾಡುತ್ತಿಲ್ಲ ಅಂತ ಜಡ್ಜ್‌ಗೆ ಅನ್ನಿಸಬೇಕು. ಫೆಡರಲ್ ಅರ್ಜಿ ಸುಮ್ನೆ ಬಾಕಿ ಇದ್ದ ಮಾತ್ರಕ್ಕೆ ಗಡುವು ನಿಲ್ಲುವುದಿಲ್ಲ. ತಡೆ ಕೇಳದೆ ಹಾಕಿ, ವರ್ಷದ ನಂತರ ಅದು ಬೆರಕೆ ಅಂತ ವಜಾ ಆದರೆ, ವಾಪಸ್ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಮೂರು ವಾರ ಉಳಿದಿದ್ದವರಿಗೆ ನಾನು ಹೇಳುವುದು ಇದೇ: ಮೊದಲು ಸ್ಟೇಟ್ ಅರ್ಜಿ ಹಾಕಿ ಮೀಟರ್ ನಿಲ್ಲಿಸಿ. ಅದು ಸ್ಟೇಟ್ ಗಡುವಿನೊಳಗೆ ಇದೆಯೋ ಇಲ್ಲವೋ ಅನುಮಾನ ಇದ್ದರೆ ಮಾತ್ರ ಫೆಡರಲ್ ಅರ್ಜಿಯನ್ನೂ ತಡೆಯ ಕೋರಿಕೆಯ ಜೊತೆ ಹಾಕಿಡಿ.

ಸಿವಿಲ್ ರೈಟ್ಸ್ ಕೇಸ್ ಮತ್ತು ಗವರ್ನರ್

1983 ಅನ್ನುವ ಸೆಕ್ಷನ್ ಕೆಳಗೆ ಹಾಕುವ ಸಿವಿಲ್ ರೈಟ್ಸ್ ಕೇಸಿನಿಂದ ಶಿಕ್ಷೆ ಬೀಳಿಸಲು ಆಗುವುದಿಲ್ಲ. 1973ರಿಂದಲೇ ಅದು ಸ್ಪಷ್ಟ. ಔಷಧಿ ಕೊಡುತ್ತಿಲ್ಲ, ಹೊಡೆದರು, ಸಸ್ಯಾಹಾರಕ್ಕೆ ಧಾರ್ಮಿಕ ಕಾರಣ ಇದ್ದರೂ ಕೊಡುತ್ತಿಲ್ಲ, ಇಂಥದ್ದಕ್ಕೆ ಅದು ಸರಿ. ಫೀ 405 ಡಾಲರ್. ಇಲ್ಲ ಅಂದರೂ 350 ಡಾಲರನ್ನು ಜೈಲು ಖಾತೆಯಿಂದ ಕಂತು ಕಂತಾಗಿ ಕಡಿದುಕೊಳ್ಳುತ್ತಾರೆ. ಮೊದಲು ಜೈಲಿನ ಒಳಗಿನ ದೂರು ವ್ಯವಸ್ಥೆ ಮುಗಿಸಿರಬೇಕು.

ಕ್ಷಮಾದಾನಕ್ಕೆ ಕಾನೂನಿನ ತಪ್ಪು ತೋರಿಸಬೇಕಿಲ್ಲ, ಮನುಷ್ಯ ಹೇಗೆ ಬದಲಾದ ಅಂತ ಹೇಳಬಹುದು. ಟೆಕ್ಸಸ್‌ನಲ್ಲಿ ಮಂಡಳಿಯ ಶಿಫಾರಸು ಇಲ್ಲದೆ ಗವರ್ನರ್ ಪೂರ್ತಿ ಕ್ಷಮೆ ಕೊಡುವಂತಿಲ್ಲ, ಜಾರ್ಜಿಯಾದಲ್ಲಿ ಮಂಡಳಿಯೇ ಕೊಡುತ್ತದೆ. ಇದು ಹೇಬಿಯಸ್‌ಗೆ ಅಡ್ಡ ಬರುವುದಿಲ್ಲ, ಜೊತೆಯಲ್ಲೇ ನಡೆಸಬಹುದು. ಆದರೆ ಅದಕ್ಕಾಗಿ ಕಾಯುತ್ತಾ ಕೂತರೆ ಮೀಟರ್ ನಿಲ್ಲುವುದಿಲ್ಲ.

ಗ್ರೀನ್ ಕಾರ್ಡ್, ವೀಸಾ ಇರುವವರು ಬೇರೆ ಥರ ಯೋಚಿಸಬೇಕು

ಇಲ್ಲಿ ಜೈಲಿಗಿಂತ ದೊಡ್ಡ ಭಯ ಗಡಿಪಾರು. ಫೆಡರಲ್ ಹೇಬಿಯಸ್ ಬಾಕಿ ಇದೆ ಅಂತ ಇಮಿಗ್ರೇಷನ್ ಜಡ್ಜ್ ಸಾಮಾನ್ಯವಾಗಿ ಕಾಯುವುದಿಲ್ಲ. ಅವರಿಗೆ ಶಿಕ್ಷೆ ಇನ್ನೂ ಶಿಕ್ಷೆಯೇ. ಹಾಗಾಗಿ ಗಡಿಪಾರೇ ಮುಖ್ಯ ಚಿಂತೆಯಾದರೆ ಸ್ಟೇಟ್ ಕೋರ್ಟಿನ ಅರ್ಜಿಗೇ ಮೊದಲ ಸ್ಥಾನ. "ತಪ್ಪೊಪ್ಪಿಕೊಂಡರೆ ದೇಶ ಬಿಡಬೇಕಾಗುತ್ತದೆ ಅಂತ ವಕೀಲರು ಹೇಳಲೇ ಇಲ್ಲ" ಅನ್ನುವುದು 2010ರ ಪಡಿಲ್ಲಾ ತೀರ್ಪಿನಿಂದ ಗಟ್ಟಿ ದೂರು. ಅದಕ್ಕಿಂತ ಮೊದಲೇ ಅಂತಿಮವಾದ ಶಿಕ್ಷೆಗಳಿಗೆ ಅದು ಅನ್ವಯಿಸುವುದಿಲ್ಲ ಅಂತ 2013ರಲ್ಲಿ ತೀರ್ಮಾನವಾಗಿದೆ. ಕೋರ್ಟ್ ಶಿಕ್ಷೆಯನ್ನು ರದ್ದು ಮಾಡುವಾಗ ಕಾರಣ ಕಾನೂನಿನ ದೋಷವಾಗಿರಬೇಕು. ಬರೀ ಗಡಿಪಾರು ತಪ್ಪಿಸಲು ಅಂತ ಕರುಣೆಯಿಂದ ರದ್ದು ಮಾಡಿದರೆ ಇಮಿಗ್ರೇಷನ್ ಲೆಕ್ಕದಲ್ಲಿ ಶಿಕ್ಷೆ ಹಾಗೇ ಉಳಿಯುತ್ತದೆ. ಆದೇಶದ ಒಂದು ವಾಕ್ಯ ಇಡೀ ಕುಟುಂಬದ ವಾಸವನ್ನೇ ನಿರ್ಧರಿಸುತ್ತದೆ, ಅದಕ್ಕೇ ಕ್ರಿಮಿನಲ್ ವಕೀಲರ ಜೊತೆ ಇಮಿಗ್ರೇಷನ್ ವಕೀಲರೂ ಬೇಕು. ಗವರ್ನರ್ ಕೊಡುವ ಪೂರ್ತಿ, ಷರತ್ತಿಲ್ಲದ ಕ್ಷಮೆ ಗಡಿಪಾರಿನ ಕೆಲವು ಕಾರಣಗಳನ್ನು ಅಳಿಸುತ್ತದೆ, ಎಲ್ಲವನ್ನೂ ಅಲ್ಲ.

ದುಡ್ಡು ಕಡಿಮೆ ಇದ್ದರೆ

ಪೂರ್ತಿ ಕೇಸಿಗೆ ವಕೀಲರನ್ನು ಇಡಲು ಆಗದಿದ್ದರೆ ಒಂದು ಸಣ್ಣ ಕೆಲಸಕ್ಕೆ ಮಾತ್ರ ಇಡಿ: ದಾಖಲೆ ಓದಿ, ಎರಡೂ ಗಡುವು ಲೆಕ್ಕ ಹಾಕಿ, ಯಾವ ದೂರು ಸ್ಟೇಟ್‌ನಲ್ಲಿ ಮುಗಿದಿದೆ ಯಾವುದಿಲ್ಲ ಅಂತ ಬರೆದುಕೊಡುವುದು. ಫಾರಂ ಅನ್ನು ಕೈದಿಯೇ ತುಂಬಬಹುದು. ಜೈಲಿನಲ್ಲಿ ಕಾನೂನು ಬಲ್ಲ ಇನ್ನೊಬ್ಬ ಕೈದಿ ನೆರವಾಗಬಹುದು, ಬೇರೆ ನೆರವು ಕೊಡದ ಜೈಲು ಅದನ್ನು ತಡೆಯುವಂತಿಲ್ಲ ಅಂತ 1969ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯವರು ಟೈಪ್ ಮಾಡಿಕೊಡಬಹುದು, ಟ್ರಾನ್ಸ್‌ಕ್ರಿಪ್ಟ್ ತರಿಸಬಹುದು, ಆದರೆ ವಕೀಲರಲ್ಲದವರು ಅವರ ಪರ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಸ್ವಂತವಾಗಿ ಹಾಕುವ ಕೈದಿಯ ಅರ್ಜಿ ಜೈಲಿನ ಅಂಚೆಗೆ ಕೊಟ್ಟ ದಿನವೇ ಸಲ್ಲಿಕೆಯಾದಂತೆ ಲೆಕ್ಕ, ಹಾಗಾಗಿ ಕೊಟ್ಟ ದಿನಾಂಕವನ್ನು ಅರ್ಜಿಯಲ್ಲೇ ಪ್ರಮಾಣ ಮಾಡಿ ಬರೆಯಲು ಹೇಳಿ.

ಫೆಡರಲ್ ಅರ್ಜಿಯನ್ನು ಮೊದಲು ನೋಡಿ ಮುಖ್ಯ ಜಡ್ಜ್‌ಗೆ ಶಿಫಾರಸು ಬರೆಯುವ ಮ್ಯಾಜಿಸ್ಟ್ರೇಟ್ ಜಡ್ಜ್‌ನ ವರದಿ ನಿಮ್ಮ ವಿರುದ್ಧ ಬಂದರೆ ಆಕ್ಷೇಪಕ್ಕೆ 14 ದಿನ. ಅಂತಿಮ ತೀರ್ಪು ವಿರುದ್ಧ ಬಂದರೆ ಅಪೀಲಿನ ನೋಟಿಸಿಗೆ 30 ದಿನ, ಜೊತೆಗೆ ಅಪೀಲಿಗೆ ಅರ್ಹ ಅನ್ನುವ ಸರ್ಟಿಫಿಕೇಟ್ ಬೇರೆ ಬೇಕು. ವಕೀಲರನ್ನು ಮಾತಾಡಿಸುವಾಗ ಮೊದಲ ಭೇಟಿಯಲ್ಲೇ ಕೇಳಿ: "ನಮ್ಮ ಫೆಡರಲ್ ಕೊನೆಯ ದಿನ ಯಾವುದು, ಯಾವ ದಿನಾಂಕದಿಂದ ಎಣಿಸಿದಿರಿ?" ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. "ಇನ್ನೂ ಟೈಮ್ ಇದೆ, ನೋಡೋಣ" ಅಂತ ಮಾತ್ರ ಹೇಳುವವರಿಗೆ ಅಡ್ವಾನ್ಸ್ ಕೊಡಬೇಡಿ.